ಎಂಬತ್ತು ಮನೆಯ ಸುಖ

ಲೆಕ್ಕ ಸರಿಯಾಗಿಯೇ ಇತ್ತು. ಮಾದೇವಮ್ಮನಿಗೆ ರೇಗಿದ್ದೇ ಅದಕ್ಕೆ. ತಪ್ಪು ಲೆಕ್ಕವಾಗಿದ್ದರೆ ನಾಲ್ಕು ಮಾತು ಅಂದು, ಪೊರಕೆ ತೋರಿಸಿ ಕಳಿಸಿಬಿಡಬಹುದಿತ್ತು. ಸರಿಯಾದ ಲೆಕ್ಕ ಹಿಡಿದುಕೊಂಡು ಬಂದು, ಅಂಗಳದಲ್ಲಿ ಚಪ್ಪಲಿ ಬಿಟ್ಟು, ನಗುತ್ತ ನಿಂತವನನ್ನು ಏನೆಂದು ಬೈಯುವುದು?

ಬಂದವನು ವೃಷಭೇಂದ್ರ. ಹುಣಸೇದೊಡ್ಡಿಯ ಮೇಲಿನ ಬೀದಿಯಲ್ಲಿ ಹದಿನಾಲ್ಕು ಎಕರೆಯ ಒಡೆಯ ಮಹದೇವಪ್ಪನ ಒಬ್ಬನೇ ಮಗ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೇ ಮರಳಿ ಕೋಸು, ಟೊಮೆಟೊ ಬೆಳೆಯುತ್ತಿದ್ದ. ರೈತರ ಸಂಘಕ್ಕೆ ಅವನೇ ಕಾರ್ಯದರ್ಶಿ. ಕೆಟ್ಟವನಲ್ಲ. ಊರಿನ ಒಳ್ಳೆಯದಕ್ಕೆ ಊಟ ನಿದ್ದೆ ಬಿಟ್ಟು ಓಡಾಡುವವನು. ಇಂಥವರ ಕೈಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕೆಟ್ಟವರ ಕೈಯಿಂದ ಬಿಡಿಸಿಕೊಳ್ಳುವುದಕ್ಕಿಂತ ಕಷ್ಟ.

ವಿಷಯ ಇಷ್ಟು. ಜೀರಹಳ್ಳಿ ಕಾಡಿನಿಂದ ಇಳಿಯುವ ಆನೆಗಳು ವರ್ಷ ವರ್ಷವೂ ಹುಣಸೇದೊಡ್ಡಿಯ ಬೆಳೆ ತುಳಿಯುತ್ತಿದ್ದವು. ಎಂಟು ವರ್ಷ ತಾಳವಾಡಿಯ ತಾಲೂಕು ಕಚೇರಿಗೂ ಈರೋಡಿನ ಜಿಲ್ಲಾ ಕಚೇರಿಗೂ ಅಲೆದು, ಮನವಿ ಕೊಟ್ಟೂ ಕೊಟ್ಟೂ, ಕೊನೆಗೆ ಊರಿಗೆ ಸೋಲಾರ್ ಬೇಲಿ ಮಂಜೂರಾಗಿತ್ತು. ಕಂಬ, ತಂತಿ ಲಾರಿಯಲ್ಲಿ ಬಂದು ಶಾಲೆಯ ಹಿಂದೆ ಬಿದ್ದಿದ್ದವು. ಡಿಸೆಂಬರ್ ಮುಗಿಯುವುದರೊಳಗೆ ಬೇಲಿ ನಿಲ್ಲಬೇಕು, ಇಲ್ಲದಿದ್ದರೆ ಬಂದದ್ದೆಲ್ಲ ವಾಪಸು. ಅಡ್ಡವಾದದ್ದು ಒಂದೇ: ಮಾದೇವಮ್ಮನ ಮುಕ್ಕಾಲು ಎಕರೆ. ಅದು ಹಳ್ಳದ ಆಚೆ ದಡದಲ್ಲಿ ಕಾಡಿನೊಳಕ್ಕೆ ಮೊಣಕೈಯಂತೆ ಚಾಚಿಕೊಂಡಿತ್ತು. ಗುಂಡಿ ತೋಡುವ ಯಂತ್ರ ಹಳ್ಳ ದಾಟುವುದಿಲ್ಲ. ಅಲ್ಲಿ ಕೈಯಲ್ಲೇ ಪೊದೆ ಕಡಿದು, ಬಂಡೆ ಒಡೆದು, ಕಂಬ ಹೊತ್ತು ನೆಡಬೇಕು. ತನ್ನಿಂದಾಗದು ಎಂದು ಗುತ್ತಿಗೆದಾರ ಕೈಚೆಲ್ಲಿಬಿಟ್ಟ. ಹಳ್ಳದ ಈಚೆಗೇ ಬೇಲಿ ಎಳೆದರೆ ಹತ್ತು ದಿನದ ಕೆಲಸ. ಆದರೆ ಈಚೆ ದಡದ ಬದುವೂ ಮಾದೇವಮ್ಮನ ಪಟ್ಟಾದಲ್ಲೇ ಇತ್ತು. ಅವಳ ಹೆಬ್ಬೆಟ್ಟು ಬೀಳದೆ ಅಲ್ಲಿ ಒಂದು ಗೂಟವನ್ನೂ ನೆಡುವಂತಿರಲಿಲ್ಲ.

"ನೀನೇ ನೋಡು ಮಾದೇವಕ್ಕ," ಎಂದು ವೃಷಭೇಂದ್ರ ನೋಟ್‌ಬುಕ್ ಬಿಚ್ಚಿದ. "ಬೇಲಿ ನಿಂತ್ರೆ ಎಂಬತ್ತು ಮನೆ ನೆಮ್ಮದಿಯಾಗಿ ಮಲಗ್ತವೆ. ಆಚೆ ಉಳಿಯೋದು ನಿಂದೊಂದೇ ಒಲ. ಅದ್ಕೂ ಸಂಘದಲ್ಲಿ ಮಾತಾಡಿವ್ನಿ. ಮನೆಗೆ ಐದು ಸೇರಿನಂಗೆ, ವರ್ಷಾ ವರ್ಷಾ ನಾನೂರು ಸೇರು ರಾಗಿ ನಿನ್ ಬಾಗಿಲಿಗೇ ಬತ್ತದೆ. ನಿನ್ ಒಲ ಯಾವತ್ತಾದ್ರೂ ನಾನೂರು ಸೇರು ಕೊಟ್ಟದಾ?"

"ಇಲ್ಲ," ಎಂದಳು ಮಾದೇವಮ್ಮ. ನಿಜ ಹೇಳಿಬಿಡುವುದು ಅವಳ ಹಳೆಯ ಕೆಟ್ಟ ಚಾಳಿ.

"ಮತ್ತೆ? ಎಚ್ಚು ಜನಕ್ಕೆ ಎಚ್ಚು ಸುಖ ಯಾವುದ್ರಿಂದ ಸಿಗ್ತದೋ ಅದೇ ಧರ್ಮ ಅಕ್ಕ. ಓದಿದ್ದು ಅಂತ ಏಳ್ತಿಲ್ಲ, ನಂಬಿ ಏಳ್ತಿವ್ನಿ. ಇದ್ರಲ್ಲಿ ಊರಿಗೂ ಸುಖ, ನಿಂಗೂ ಸುಖ. ಕುಂತ್ಕಂಡು ತಿನ್ನು. ಅರವತ್ತಾಗ್ತಾ ಬಂತು, ಇನ್ನೂ ಯಾಕೆ ಬಂಡೆ ಮೇಲೆ ಬೆನ್ನು ಮುರ್ಕಂತೀಯ?"

"ಆನೆಗೆ?"

"ಆನೆಗೇನು?"

"ಆನೆಗೂ ಸುಖನೇ ಅಲ್ವಾ? ಮುಕ್ಕಾಲು ಎಕರೆ ಬಿಟ್ಟಿ ಸಿಕ್ತದೆ. ಅದನ್ನೂ ಬರ್ಕೊ, ಲೆಕ್ಕ ಇನ್ನೂ ಚೆಂದಾಯ್ತದೆ."

ವೃಷಭೇಂದ್ರ ನಕ್ಕ. ನಕ್ಕವನು ಒಪ್ಪಿಗೆಯ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಜಗಲಿಯ ಮೇಲಿಟ್ಟ. ಮಾದೇವಮ್ಮ ಎರಡನ್ನೂ ಎತ್ತಿ ಅವನ ಕೈಗೇ ಕೊಟ್ಟಳು.

"ಆಗಕಿಲ್ಲ ಕಣಪ್ಪ."

"ಯಾಕೆ ಅಂತ ಏಳು."

"ಯಾಕೆ ಅನ್ನೋದು ನಂಗೂ ಗೊತ್ತಿಲ್ಲ. ಆಗಕಿಲ್ಲ ಅನ್ನೋದು ಗೊತ್ತು."

ಯಾಕೆ ಎಂಬುದು ಅವನು ಹೋಗಿ ಒಂದು ಗಳಿಗೆಯ ಮೇಲೆ ತಿಳಿಯಿತು. ಮಾತು ಬೇಕಾದಾಗ ಬಾರದೆ, ಎದುರಾಳಿ ಬೀದಿ ತಿರುಗಿದ ಮೇಲೆ ಬರುವುದು ಬಡವರ ಮಾತಿನ ಹಣೆಬರಹ. ಆ ಹೊಲ ಮಾಡಿದವಳು ಅವಳ ಅತ್ತೆ ಬಂಗಾರಮ್ಮ. ಅದಕ್ಕೂ ಮೊದಲು ಬಂಗಾರಮ್ಮ ಸುಗ್ಗಿಯಲ್ಲಿ ಮೇಲಿನ ಬೀದಿಯವರ ಕಣದಂಚಿಗೆ ಮೊರ ಹಿಡಿದು ನಿಲ್ಲುತ್ತಿದ್ದಳು. ರಾಶಿ ಅಳೆದು, ಮೂಟೆ ಕಟ್ಟಿ, ಗಾಡಿಗೆ ಹೇರಿ, ಕೊನೆಗೆ ಉಳಿದ ಕಾಳು ಕಸದಲ್ಲಿ ಎರಡು ಬೊಗಸೆ ಮೊರಕ್ಕೆ ಬೀಳುವ ತನಕ ನಿಲ್ಲಬೇಕು. ಕೆಲವರು ಧಾರಾಳವಾಗಿ ಕೊಡುತ್ತಿದ್ದರು. ಧಾರಾಳವಾಗಿ ಕೊಟ್ಟವರ ಮುಂದೆ ಇನ್ನಷ್ಟು ಹೊತ್ತು ಬಗ್ಗಿ ನಿಲ್ಲಬೇಕಿತ್ತು. ಹಳ್ಳದಾಚೆಯ ಬಂಡೆಗಳ ಸಂದಿಗೆ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕಿ ಬಂಗಾರಮ್ಮ ಹೊಲ ಮಾಡಿದ್ದು ರಾಗಿಗಾಗಿ ಅಲ್ಲ, ಆ ನಿಲ್ಲುವುದನ್ನು ನಿಲ್ಲಿಸುವುದಕ್ಕೆ.

ಈಗ ನಾನೂರು ಸೇರು ಬಾಗಿಲಿಗೇ ಬರುತ್ತದಂತೆ. ಒಂದು ವರ್ಷ ಬರುತ್ತದೆ, ಎರಡು ವರ್ಷ ಬರುತ್ತದೆ. ಆಮೇಲೊಂದು ವರ್ಷ ಯಾರದೋ ಮನೆಯಲ್ಲಿ ಮದುವೆ, ಯಾರದೋ ಮನೆಯಲ್ಲಿ ಕಾಯಿಲೆ. ಆಗ ಎಂಬತ್ತು ಬಾಗಿಲ ಮುಂದೆ ಹೋಗಿ ನಿಲ್ಲುವವಳು ಯಾರು? ಆ ನಿಲ್ಲುವುದು ನೋಟ್‌ಬುಕ್ಕಿನ ಯಾವ ಸಾಲಿನಲ್ಲಿದೆ? ಮಾದೇವಮ್ಮನಿಗೆ ಸಿಟ್ಟು ನೆತ್ತಿಗೇರಿತು. ಅಂಗಳದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕೋಳಿಯನ್ನು ಬೈದಳು.

ಮುಂದಿನ ಒಂದು ತಿಂಗಳು ಊರು ಅವಳನ್ನು ಬೈಯಿತು. ನಲ್ಲಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಹಾಸನೂರಿನಿಂದ ಬರುವ ಬಸ್ಸಿನಲ್ಲಿ ಒಬ್ಬ, ಅವಳಿಗೆ ಕೇಳುವಂತೆಯೇ, "ಎಂಬತ್ತು ಮನೆ ಅನ್ನಕ್ಕೆ ಕಲ್ಲಾಕೋಳು ಇವಳೇ ಕಣ್ಲಾ," ಎಂದ. ಕಾರ್ತಿಕದ ಕೊನೆಯ ಸೋಮವಾರ ಆನೆಗಳು ಬಂದು ನಾಲ್ಕು ಮನೆಯ ರಾಗಿ ತುಳಿದವು. ಮಾದೇವಮ್ಮನದನ್ನೂ ಅರ್ಧ ಮೇಯ್ದಿದ್ದವು. ಆದರೂ ನಾಲ್ಕು ಮನೆಯವರೂ ಬೆಳಗಾಗೆದ್ದು ಅವಳ ಬಾಗಿಲಿಗೇ ಮಣ್ಣು ತೂರಿ ಹೋದರು. ಆನೆಗೆ ಮಣ್ಣು ತೂರುವ ಧೈರ್ಯ ಯಾರಿಗಿದೆ?

ಇದನ್ನೆಲ್ಲ ಅವಳು ತಡೆದುಕೊಂಡಳು. ತಡೆದುಕೊಳ್ಳಲಾಗದೆ ಹೋದದ್ದು ಪುಟ್ಟನಂಜಮ್ಮ ಬಂದಾಗ. ಪುಟ್ಟನಂಜಮ್ಮ ಮಾದೇವಮ್ಮನ ಹಾಗೆಯೇ ಊರಿನ ಕೆಳಗಿನ ಕೇರಿಯವಳು, ಅವಳು ಬಂದ ವರ್ಷವೇ ಮದುವೆಯಾಗಿ ಊರಿಗೆ ಬಂದವಳು, ನಲವತ್ತು ವರ್ಷದ ಗೆಳತಿ. ಅವಳ ಗಂಡ ಚಿಕ್ಕಯ್ಯನನ್ನು ಮೂರು ವರ್ಷದ ಹಿಂದೆ ಆನೆ ಅಟ್ಟಿಸಿಕೊಂಡು ಹೋಗಿ ಸೊಂಟ ಮುರಿದಿತ್ತು. ಅಂದಿನಿಂದ ಅವನು ಕೂತಲ್ಲೇ ಕೂತಿದ್ದ.

ಪುಟ್ಟನಂಜಮ್ಮ ಜಗಲಿಯ ಮೇಲೆ ಕೂರಲಿಲ್ಲ.

"ಮಾದಿ, ನಾನು ಬೈಯೋಕೆ ಬರ್ನಿಲ್ಲ. ಒಂದು ಕೇಳ್ತೀನಿ. ನಾಳೆ ಇನ್ನೊಬ್ಬನ ಸೊಂಟ ಮುರೀತು ಅನ್ಕೊ. ಅವನ ಎಂಡ್ರು ಮುಂದೆ ಓಗಿ ನಿಂತ್ಕಂಡು ನಿನ್ ಒಲದ ಮಾತು ಆಡ್ತೀಯಾ?"

ಮಾದೇವಮ್ಮ ಜಗಲಿಯ ಮೇಲೆ ಹಾಸಿದ್ದ ಚಾಪೆಯನ್ನು ಸುತ್ತಿಟ್ಟಳು.

"ಕೇರಿಯೋರೆಲ್ಲ ಮಾತಾಡ್ಕಂಡವ್ರೆ. ಈ ಸಲ ನಿನ್ ರಾಗಿ ಕುಯ್ಯೋಕೆ ಮುಯ್ಯಾಳು ಯಾರೂ ಬರಕಿಲ್ಲ. ನಾನೂ ಬರಂಗಿಲ್ಲ. ಬಂದ್ರೆ ನನ್ನೂ ಕರೆಯಕಿಲ್ಲ." ಅಷ್ಟು ಹೇಳಿ ಪುಟ್ಟನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ಮುಯ್ಯಾಳು ಎಂದರೆ ಕೆಳಗಿನ ಕೇರಿಯ ಉಸಿರು. ಕೂಲಿ ಕೊಟ್ಟು ಆಳು ಕರೆಯುವ ಶಕ್ತಿ ಆ ಕೇರಿಯಲ್ಲಿ ಯಾರಿಗೂ ಇಲ್ಲ. ಹಾಗಾಗಿ ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಒಂದು ದಿನಕ್ಕೆ ಒಂದು ದಿನ, ಬೆನ್ನಿಗೆ ಬೆನ್ನು. ಹೊಲ ದೊಡ್ಡದೋ ಚಿಕ್ಕದೋ, ಬೆಳೆ ಬಂತೋ ಹೋಯಿತೋ, ಕೊನೆಯ ಹೊಲ ಮುಗಿಯುವ ತನಕ ಗುಂಪು ಒಡೆಯುವಂತಿಲ್ಲ. ಮೇಲಿನ ಬೀದಿಯವರು ಇದರಲ್ಲಿ ಯಾವತ್ತೂ ಸೇರಿದವರಲ್ಲ. ಅವರು ಕೂಲಿ ಕೊಡುತ್ತಾರೆ, ಕೆಲಸ ಮಾಡಿಸುತ್ತಾರೆ. ಮುಯ್ಯಿ ಸಮಾನರ ನಡುವಿನ ಮಾತು.

ಅಂದು ಮಾದೇವಮ್ಮ ಅತ್ತಳು. ಹೊಲಕ್ಕಾಗಿ ಅಲ್ಲ, ಚಿಕ್ಕಯ್ಯನ ಸೊಂಟಕ್ಕಾಗಿ ಅತ್ತಳು. ಪುಟ್ಟನಂಜಮ್ಮ ಕೇಳಿದ್ದು ನ್ಯಾಯವಾಗಿತ್ತು. ಬೇಲಿ ಬೇಡವೆಂದು ಅವಳು ಎಂದೂ ಅಂದಿರಲಿಲ್ಲ. ಬೇಲಿ ಬೇಕು, ಇವತ್ತೇ ಬೇಕು. ಆದರೆ ಎಲ್ಲರ ಸುಖಕ್ಕೆ ಒಬ್ಬಳನ್ನು ಆಚೆ ಹಾಕುವುದೊಂದೇ ದಾರಿಯೇ? ಎಂಬತ್ತು ಮನೆಯಲ್ಲಿ ನೂರ ಅರವತ್ತು ಕೈಯಿದ್ದೂ ಇನ್ನೊಂದು ದಾರಿ ಯಾರಿಗೂ ಹೊಳೆಯಲಿಲ್ಲವೇ? ಹೊಳೆಯದೆ ಏನು, ಹುಡುಕಲಿಲ್ಲ. ಅಗ್ಗದ ದಾರಿ ಸಿಕ್ಕಿದ ಮೇಲೆ ಇನ್ನೊಂದನ್ನು ಯಾರು ಹುಡುಕುತ್ತಾರೆ? ಕಣ್ಣೊರೆಸಿಕೊಂಡಾಗ ಸಿಟ್ಟು ಮತ್ತೆ ಸರಿಯಾದ ಜಾಗಕ್ಕೆ ಬಂದು ಕೂತಿತ್ತು.

ಭಾನುವಾರ ಬೆಳಿಗ್ಗೆ ಶಾಲೆಯ ಮುಂದೆ ಊರು ಸೇರಿತು. ಮಹದೇವಪ್ಪ ಕುರ್ಚಿಯಲ್ಲಿ, ಉಳಿದವರು ಚಾಪೆಯ ಮೇಲೆ, ಕೆಳಗಿನ ಕೇರಿಯವರು ಎಂದಿನಂತೆ ಬೇವಿನ ಮರದಡಿ. ಚಿಕ್ಕಯ್ಯನನ್ನೂ ಹೊತ್ತು ತಂದು ಕೂರಿಸಿದ್ದರು. ಅವನನ್ನು ಕಂಡರೆ ಮಾದೇವಮ್ಮ ಕರಗುತ್ತಾಳೆಂದು ಯಾರದೋ ಯೋಚನೆ. ವೃಷಭೇಂದ್ರ ಲೆಕ್ಕವನ್ನು ಮತ್ತೊಮ್ಮೆ ಓದಿದ. ಲೆಕ್ಕ ಇನ್ನೂ ಸರಿಯಾಗಿಯೇ ಇತ್ತು.

ಮಾದೇವಮ್ಮ ಎದ್ದು ಮುಂದೆ ಬಂದಳು.

"ವೃಷಭೇಂದ್ರಪ್ಪ, ನಿನ್ ಲೆಕ್ಕ ಸರಿ ಅಂತ ಒಪ್ಕಂಡೆ. ಆ ಒಲ ಬುಟ್ಟುಕೊಟ್ಟೋರಿಗೆ ವರ್ಷಾ ನಾನೂರು ಸೇರು ರಾಗಿ. ಬೆವರಂಗಿಲ್ಲ, ಬಗ್ಗಂಗಿಲ್ಲ. ಅದು ಸುಖ. ಔದಾ?"

"ಔದು ಅಕ್ಕ."

"ಇಷ್ಟು ಸುಖ ನಾನೊಬ್ಬಳೇ ಯಾಕೆ ತಿನ್ಲಿ? ಬೇರೆಯೋರಿಗೂ ಸಿಗ್ಲಿ. ನನ್ ಒಲ ಅವರು ತಕ್ಕಳ್ಳಿ, ನಾನೂರು ಸೇರೂ ಅವರೇ ತಕ್ಕಳ್ಳಿ. ಬೇಲಿ ಒಳಗೆ ನಂಗೆ ಮುಕ್ಕಾಲು ಎಕರೆ ಕೊಟ್ರೆ ಸಾಕು. ಈಗ್ಲೇ ಎಬ್ಬೆಟ್ಟು ಒತ್ತುತೀನಿ." ಅವಳು ಸುತ್ತ ನೋಡಿದಳು. "ಯಾರಿಗೆ ಬೇಕು ಈ ಸುಖ? ಬನ್ನಿ. ಯಾಕೆ, ರಾಗಿ ಕಮ್ಮಿ ಆಯ್ತಾ?"

ಒಬ್ಬ ಕೆಮ್ಮಿದ. ಇನ್ನೊಬ್ಬ ಫೋನು ತೆಗೆದು ನೋಡಿದ, ಅಲ್ಲಿ ಸಿಗ್ನಲ್ ಇಲ್ಲವೆಂಬುದು ಊರಿಗೆಲ್ಲ ಗೊತ್ತಿದ್ದರೂ. ಮೂರು ಎಕರೆಯವರು ಐದು ಎಕರೆಯವರ ಮುಖ ನೋಡಿದರು, ಐದು ಎಕರೆಯವರು ಕುರ್ಚಿಯ ಕಡೆ ನೋಡಿದರು.

ವೃಷಭೇಂದ್ರ ನೋಟ್‌ಬುಕ್ಕನ್ನೇ ನೋಡುತ್ತ ನಿಂತಿದ್ದ. ಎಂಬತ್ತು ಮನೆಯ ಮೊತ್ತದಲ್ಲಿ ಮುಕ್ಕಾಲು ಎಕರೆ ಯಾರದಾದರೇನು, ಮೊತ್ತ ಬದಲಾಗುವುದಿಲ್ಲ. ಅವನು ನಂಬಿದ್ದು ನಿಜವಾದರೆ ಅವನ ಮನೆಯದೂ ಆಗಬಹುದು. ಅವನು ಪ್ರಾಮಾಣಿಕ ಎಂದು ಮೊದಲೇ ಹೇಳಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದ.

"ನಾವು ಕೊಡ್ತೀವಿ ಅಕ್ಕ. ಕೆರೆ ಕೆಳಗಿನ ಪಟ್ಟಿ ಇದೆಯಲ್ಲ, ಅದ್ರಲ್ಲಿ ಮುಕ್ಕಾಲು..."

ಬರೆದು ಮುಗಿಸುವ ಮುಂಚೆ ಮಹದೇವಪ್ಪ ಕುರ್ಚಿಯಿಂದೆದ್ದು ಹಾಳೆ ಕಿತ್ತುಕೊಂಡ. ಎರಡಾಗಿ ಹರಿದ, ನಾಲ್ಕಾಗಿ ಹರಿದ.

"ತಲೆ ಕೆಟ್ಟದೇನ್ಲಾ ನಿಂಗೆ? ನಮ್ಮಪ್ಪ ಕಲ್ಲು ಆಯ್ದು ಮಾಡಿದ ನೆಲ ಕಣ್ಲಾ ಅದು! ಅವರ ಸಮಾಧಿ ಇರೋ ಪಟ್ಟಿ. ನಾನೂರು ಸೇರು ರಾಗಿ ಅಳೆದ್ರೆ ಸರಿಯಾಗೋಯ್ತದಾ?"

ತಾನು ಹೇಳಿದ್ದೇನೆಂದು ಮಹದೇವಪ್ಪನಿಗೂ ಒಂದು ಕ್ಷಣ ತಡವಾಗಿ ತಿಳಿಯಿತು. ಅವನ ಮುಖ ಕಪ್ಪಿಟ್ಟಿತು.

"ಅದೇ ಮಾತು ಬುದ್ಧಿ," ಎಂದಳು ಮಾದೇವಮ್ಮ. ಧ್ವನಿ ಏರಿಸಲಿಲ್ಲ. "ಒಂದು ತಿಂಗಳಿಂದ ನನ್ ಗಂಟಲಲ್ಲಿ ಸಿಕ್ಕಾಕ್ಕೊಂಡಿದ್ದು ಅದೇ ಮಾತು. ನೀವು ಒಂದು ಗಳಿಗೇಲಿ ಆಡ್ಬುಟ್ರಿ. ನಂದೂ ನಮ್ಮತ್ತೆ ಕಲ್ಲು ಆಯ್ದು ಮಾಡಿದ ನೆಲ. ಈಗ ನಿಮ್ ಒಟ್ಟೆ ಉರೀತಲ್ಲ, ಆ ಉರೀನ ಯಾವ ಸೇರಲ್ಲಿ ಅಳೀತಾರೆ ಅಂತ ನಿಮ್ಮ ಮಗನ್ನ ಕೇಳಿ."

ಬೇವಿನ ಮರದಡಿಯಿಂದ ಯಾರೋ ಕಿಸಕ್ಕೆಂದರು. ವೃಷಭೇಂದ್ರ ಪೆನ್ನಿಗೆ ಮುಚ್ಚಳ ಹಾಕಿದ.

"ಅಂಗಾದ್ರೆ ಬೇಲಿ?" ಎಂದ. ಅವನ ಧ್ವನಿಯಲ್ಲಿ ಸೋಲಿಗಿಂತ ಗಾಬರಿ ಹೆಚ್ಚಿತ್ತು. "ಇನ್ನು ಇಪ್ಪತ್ತೈದು ದಿನ ಅದೆ ಅಕ್ಕ. ಬೇಲಿ ಬೇಡ್ವಾ?"

"ಬೇಕು. ನನ್ ಒಲದ ಸುತ್ತ ಬಳಸ್ಕಂಡು ಬೇಕು. ತಂತಿ ಸಾಲ್ತದಾ?"

"ತಂತಿ ಸಾಲ್ತದೆ. ಬಂಡೆ ಒಡೆಯೋರಿಲ್ಲ."

"ಎಂಬತ್ತು ಮನೆ ಕುಂತವೆ, ಒಡೆಯೋರಿಲ್ವಾ? ಮನೆಗೊಂದು ಆಳು, ಒಂದು ದಿನ. ಭಿಕ್ಷೆ ಕೇಳ್ತಿಲ್ಲ, ಮುಯ್ಯಿ ಕೇಳ್ತಿವ್ನಿ. ಎಂಬತ್ತು ಮನೆ ಒಲದಲ್ಲೂ ಒಂದೊಂದು ದಿನ ದುಡಿದು ನಾನು ತೀರಿಸ್ತೀನಿ."

ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಕುಳಿತು ತಿನ್ನಲು ನಾನೂರು ಸೇರು ಬೇಡವೆಂದು, ಐವತ್ತೆಂಟರ ಹೆಂಗಸು ಎಂಬತ್ತು ದಿನದ ದುಡಿತವನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಮಹದೇವಪ್ಪನಿಗೆ ಮಾತ್ರ ತಕ್ಷಣ ಅರ್ಥವಾಯಿತು, ಅದೂ ಬೇರೆ ಕಡೆಯಿಂದ.

"ಮುಯ್ಯಿ? ನಮ್ಮನೆಯೋರು ನಿಮ್ ಕೇರಿಗೆ ಮುಯ್ಯಾಳಾ? ಬೇಕಾದ್ರೆ ನಾನು ಕೂಲಿಯೋನ ಕಳಿಸ್ತೀನಿ."

"ಕೂಲಿಯೋನು ಬ್ಯಾಡ ಬುದ್ಧಿ. ಸುಖ ಎಣಿಸೋವಾಗ ನಿಮ್ಮನೆ ಒಂದು, ಚಿಕ್ಕಯ್ಯನ ಮನೆ ಒಂದು ಅಂತ ಸಮವಾಗೇ ಎಣಿಸಿದ್ರಲ್ಲ. ಎಣಿಸೋವಾಗ ಸಮ ಆದೋರು ಸುತ್ತಿಗೆ ಇಡಿಯೋವಾಗ ಬ್ಯಾರೆ ಆಯ್ತೀವಾ? ನಿಮ್ಮನೆಯಿಂದ ನಿಮ್ಮನೆಯೋರೇ ಬರ್ಬೇಕು. ಇಲ್ದಿದ್ರೆ ಎಬ್ಬೆಟ್ಟು ಇಲ್ಲ. ನೀವೂ ಆನೆ ಕಾಯಿರಿ, ನಾನೂ ಕಾಯ್ತೀನಿ."

ಗುಜುಗುಜು ಎದ್ದಿತು. ಹಟಮಾರಿ, ಸೊಕ್ಕಿನವಳು, ಊರು ಹಾಳುಮಾಡಲು ಹುಟ್ಟಿದವಳು ಎಂಬ ಮಾತುಗಳೆಲ್ಲ ಬಂದವು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇ ಇದ್ದಳು.

"ಲೇ ವೃಷಭೇಂದ್ರಪ್ಪ," ಎಂದು ಬೇವಿನ ಮರದಡಿಯಿಂದ ಚಿಕ್ಕಯ್ಯ ಕೂಗಿದ. ಮೂರು ವರ್ಷದಿಂದ ಅವನು ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. "ನಂಗೆ ಸೊಂಟ ಇಲ್ಲ, ಕೈ ಅವೆ. ನನ್ನ ಒತ್ಕಂಡೋಗಿ ಬಂಡೆ ಮೇಲೆ ಕುಂಡ್ರಿಸಿ, ಉಳಿ ಇಡ್ಕತೀನಿ. ನಮ್ಮನೇದು ಒಂದು ಬರ್ಕೊ."

ಪುಟ್ಟನಂಜಮ್ಮ ಗಂಡನನ್ನು ನೋಡಿದಳು, ಗೆಳತಿಯನ್ನು ನೋಡಿದಳು. "ಉಳಿ ಅವನಿಡೀಲಿ, ಸುತ್ತಿಗೆ ನಾನು ಒಡೀತೀನಿ," ಎಂದಳು.

ವೃಷಭೇಂದ್ರ ಹೊಸ ಹಾಳೆ ತಿರುವಿದ. ಚಿಕ್ಕಯ್ಯನ ಹೆಸರು ಬರೆದ. ಅದರ ಕೆಳಗೆ, ಅಪ್ಪನ ಮುಖ ನೋಡದೆ, ತನ್ನ ಹೆಸರು ಬರೆದ. ಆಮೇಲೆ ಎಪ್ಪತ್ತೆಂಟು ಹೆಸರು ಬೀಳಲು ಮಧ್ಯಾಹ್ನವಾಯಿತು. ಕೆಲವರು ನಾಚಿಕೆಗೆ ಬರೆಸಿದರು, ಕೆಲವರು ಆನೆಯ ಭಯಕ್ಕೆ ಬರೆಸಿದರು. ಮನಸ್ಸಿನಿಂದ ಬರೆಸಿದವರೂ ನಾಲ್ಕಾರು ಜನ ಇದ್ದಿರಬೇಕು.

ಹನ್ನೆರಡು ದಿನ ಹಳ್ಳದಾಚೆ ಉಳಿಯ ಸದ್ದು ನಿಲ್ಲಲಿಲ್ಲ. ಮುಯ್ಯಾಳಿಗೆ ಮಧ್ಯಾಹ್ನದ ಊಟ ಹಾಕುವುದು ಹೊಲದವರ ಧರ್ಮ. ಮಾದೇವಮ್ಮ ದಿನವೂ ಮುದ್ದೆ, ಅವರೆಕಾಳಿನ ಸಾರು ಮಾಡಿ ಹೊತ್ತು ತಂದಳು. ಮೇಲಿನ ಬೀದಿಯವರಲ್ಲಿ ಹೆಚ್ಚಿನವರು ಮನೆಯಿಂದ ತಂದ ಬುತ್ತಿಯನ್ನೇ ಆಚೆ ಬಂಡೆಯ ಮೇಲೆ ಕೂತು ತಿಂದರು. ವೃಷಭೇಂದ್ರ ಅವಳ ಮುದ್ದೆಯನ್ನೇ ತಿಂದ. ಬೊಬ್ಬೆ ಎದ್ದ ಕೈಯಲ್ಲಿ ಮುದ್ದೆ ಮುರಿಯಲು ಬಾರದೆ ಒದ್ದಾಡುವುದನ್ನು ನೋಡಿ ಅವಳಿಗೆ ಪಾಪವೆನ್ನಿಸಿತು, ನಗುವೂ ಬಂತು. ಡಿಸೆಂಬರ್ ಇಪ್ಪತ್ತಕ್ಕೆ ತಂತಿ ಅವಳ ಹೊಲದ ಮೊಣಕೈಯನ್ನು ಬಳಸಿ ಊರಿನ ಸುತ್ತ ಕೂಡಿಕೊಂಡಿತು. ಬೇಲಿ ತನ್ನ ನೆಲದ ಮೇಲೆ ಹಾದಿದ್ದಕ್ಕೆ ಅಂದೇ ಅವಳು ಹೆಬ್ಬೆಟ್ಟು ಒತ್ತಿದಳು.

ಮರುದಿನ ಬೆಳಿಗ್ಗೆ ಮುಯ್ಯಿ ತೀರಿಸಲು ಹೊರಟಳು. ಪುಟ್ಟನಂಜಮ್ಮನ ಹೊಲದಿಂದ ಶುರುಮಾಡುತ್ತಾಳೆಂದು ಕೇರಿ ಅಂದುಕೊಂಡಿತ್ತು. ಅವಳು ಕುಡುಗೋಲು ಹಿಡಿದು ಸೀದಾ ಕೆರೆಯ ಕೆಳಗೆ, ಮಹದೇವಪ್ಪನ ರಾಗಿ ಹೊಲಕ್ಕೆ ನಡೆದಳು.

ಕೂಲಿಯ ಹೆಂಗಸರು ಆಗಲೇ ಇಳಿದಿದ್ದರು. ಮಹದೇವಪ್ಪ ಬದುವಿನ ಮೇಲೆ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದ. ಅವಳನ್ನು ಕಂಡು ಹುಬ್ಬು ಗಂಟಿಕ್ಕಿದ. ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ, ಬಿಡಿಸಲಾಗದ ಒಗಟಿನ ಮುಂದೆ ನಿಂತವನ ಬೇಸರವಿತ್ತು.

"ಅಲ್ಲ ಮಾದೇವಿ, ಕುಂತಲ್ಲಿಗೆ ರಾಗಿ ಬರೋದ ಬುಟ್ಟು ಎಂಬತ್ತು ದಿನ ಕತ್ತೆ ಚಾಕರಿ ತಕ್ಕಂಡೆ. ನಿಜ ಏಳು, ಇದ್ರಲ್ಲಿ ನಿಂಗೇನು 'ಸುಖ' ಸಿಕ್ತು?"

ಮಾದೇವಮ್ಮ ಹೊಲಕ್ಕಿಳಿದಳು. ಆದರೆ ಬಗ್ಗಲಿಲ್ಲ. ಬಿಸಿಲಲ್ಲಿ ನೆಟ್ಟಗೆ ನಿಂತು ಅವನನ್ನೇ ನೋಡಿದಳು.

"ಯಾಕೆ ನಿಂತ್ಬುಟ್ಟೆ?" ಎಂದ ಮಹದೇವಪ್ಪ.

"ನೀವು ಇಳೀಲಿ ಅಂತ ಬುದ್ಧಿ."

"ನಾನಾ?"

"ಕೂಲಿ ಒಲ ಆದ್ರೆ ಬದುವಿನ ಮೇಲೆ ನಿಂತ್ಕಬೋದು. ಮುಯ್ಯಿ ಒಲದಲ್ಲಿ ಒಲದೋರು ಮೊದ್ಲ ಸಾಲು ಇಡೀಬೇಕು. ಅವರು ಕುಯ್ಯೋಕೆ ಶುರು ಮಾಡ್ದೆ ಮುಯ್ಯಾಳು ಬಗ್ಗಂಗಿಲ್ಲ. ನೀವು ಇಳೀದಿದ್ರೆ ನಾನು ಇಂಗೇ ಸಂಜೆಗಂಟ ನಿಂತಿರ್ತೀನಿ, ನನ್ ಮುಯ್ಯಿ ಬಾಕಿ ಉಳೀತದೆ. ನಿಮ್ ಮಗ ನನ್ ಒಲದಲ್ಲಿ ಕೈ ಸುಲ್ಕಂಡವ್ನೆ. ಆ ಬಾಕಿ ನಾನು ಉಳಿಸ್ಕಳಂಗಿಲ್ಲ."

ಕೂಲಿಯ ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡತೊಡಗಿದರು. ಯಾರ ಕೈಯಲ್ಲೂ ಕುಡುಗೋಲು ಆಡುತ್ತಿರಲಿಲ್ಲ. ಮಹದೇವಪ್ಪ ತೆನೆ ಬಾಗಿದ ರಾಗಿಯನ್ನು ನೋಡಿದ, ದಾರಿಯತ್ತ ನೋಡಿದ. ಅಲ್ಲಿ ವೃಷಭೇಂದ್ರ ಬೈಕು ನಿಲ್ಲಿಸಿ, ಅಪ್ಪನ ನೆರವಿಗೂ ಬಾರದೆ, ಸುಮ್ಮನೆ ನಿಂತಿದ್ದ.

ಕೊನೆಗೆ ಮಹದೇವಪ್ಪ ತಲೆಯ ಟವೆಲು ಬಿಚ್ಚಿ ಸೊಂಟಕ್ಕೆ ಕಟ್ಟಿದ. ಹತ್ತಿರವಿದ್ದ ಹೆಂಗಸಿನ ಕೈಯಿಂದ ಕುಡುಗೋಲು ಇಸಿದುಕೊಂಡು, ಮಂಡಿ ಹಿಡಿದು ಬದು ಇಳಿದು, ಮೊದಲ ಸಾಲಿನಲ್ಲಿ ಬಗ್ಗಿದ. ಅವನು ಪೂರ್ತಿ ಬಗ್ಗಿ ಮೊದಲ ಹಿಡಿ ಕೊಯ್ಯುವ ತನಕ ಕಾದು, ಮಾದೇವಮ್ಮ ಅವನ ಪಕ್ಕದ ಸಾಲು ಹಿಡಿದಳು.